ಮನೆಗೆ ಬಂದ ಸರೌಂಡ್ ಸೌಂಡ್

1940ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ತೆರೆ ಕಂಡಾಗ ಸಂಗೀತ ಪರದೆಯ ಕಡೆಯಿಂದಷ್ಟೇ ಅಲ್ಲ, ಪ್ರೇಕ್ಷಕರ ಸುತ್ತಲಿಂದಲೂ ಹೊಮ್ಮಿತು. 'ಫ್ಯಾಂಟಸೌಂಡ್' ಎಂಬ ಆ ವ್ಯವಸ್ಥೆ ಬಲು ದುಬಾರಿ. ಕೆಲವೇ ಊರುಗಳನ್ನು ಕಂಡು ನಿಂತುಹೋಯಿತು.

ಆ ಅನುಭವ ಮನೆ ತಲುಪಲು ನಾಲ್ಕು ದಶಕ ಬೇಕಾಯಿತು. 1970ರ ದಶಕದಲ್ಲಿ ಡಾಲ್ಬಿ ಸಂಸ್ಥೆ ಚಿತ್ರಮಂದಿರಗಳಿಗಾಗಿ ನಾಲ್ಕು ಧ್ವನಿಗಳನ್ನು ಎರಡೇ ಜಾಡುಗಳಲ್ಲಿ ಹೆಣೆಯಿತು. ವಿಡಿಯೊ ಕ್ಯಾಸೆಟ್‌ಗೂ ಇಳಿದ ಆ ಹೆಣಿಗೆಯನ್ನು ಬಿಡಿಸುವ ಉಪಕರಣ ಮನೆಬಳಕೆಗೆ ಬಂದದ್ದು 1982ರಲ್ಲಿ. ಆದರೆ ಅದು ಹಿಂಬದಿಯ ಧ್ವನಿಯನ್ನಷ್ಟೇ ಬೇರ್ಪಡಿಸುತ್ತಿತ್ತು. 1987ರ 'ಪ್ರೊ ಲಾಜಿಕ್' ನಡುವಿನ ಸ್ಪೀಕರಿಗೂ ಪ್ರತ್ಯೇಕ ಧ್ವನಿ ಒದಗಿಸಿತು; ಮಾತು ನಟನ ಬಾಯಿಂದಲೇ ಬಂದಂತೆ ಕೇಳತೊಡಗಿತು.

ರಿಸೀವರ್ ಕೊಳ್ಳುವವರಿಗೆ ಈ ಚರಿತ್ರೆಯಲ್ಲೇ ಕಿವಿಮಾತಿದೆ: ಸ್ಪೀಕರ್‌ಗಳನ್ನು ಎಣಿಸುವ ಮುನ್ನ ಪಿಸುಮಾತು ಸ್ಪಷ್ಟವಾಗಿ ಕೇಳುವುದೇ ಎಂದು ಪರೀಕ್ಷಿಸಬೇಕು. ಗುಡುಗು ಎಲ್ಲದರಲ್ಲೂ ಕೇಳುತ್ತದೆ.