ಅಣುಜೀವಿಯ ಕತ್ತರಿ

“ಇದರಿಂದ ಏನು ಪ್ರಯೋಜನ?” ಎಂದು ವಿಜ್ಞಾನಿಯನ್ನು ಕೇಳುವುದು ನಮ್ಮಲ್ಲಿ ವಾಡಿಕೆ. ಡಿ.ಎನ್.ಎ.ಯನ್ನು ಕತ್ತರಿಸುವ ವಿದ್ಯೆಯ ಚರಿತ್ರೆಯನ್ನು ಬಲ್ಲವರು ಆ ಪ್ರಶ್ನೆಯನ್ನು ಅವಸರದಿಂದ ಕೇಳಲಾರರೆಂದು ನನ್ನ ನಂಬಿಕೆ.

1950ರ ದಶಕದ ಮೊದಲಲ್ಲಿ ಲೂರಿಯ, ಬರ್ಟಾನಿ ಮೊದಲಾದವರು ಒಂದು ವಿಚಿತ್ರವನ್ನು ಕಂಡರು. ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸ್ಸು ಒಂದು ತಳಿಯಲ್ಲಿ ಹುಲುಸಾಗಿ ಬೆಳೆಯುತ್ತಿತ್ತು. ಅದನ್ನೇ ಇನ್ನೊಂದು ತಳಿಗೆ ಬಿಟ್ಟರೆ ಸೊರಗುತ್ತಿತ್ತು. ಏಕಿರಬಹುದು? ಜಿನೀವಾದ ವರ್ನರ್ ಆರ್ಬರ್ ಮತ್ತು ಅವರೊಡನೆ ದುಡಿದ ಡೇಸಿ ಡ್ಯುಸ್ವಾ 1962ರಲ್ಲಿ ಉತ್ತರವಿತ್ತರು. ಬ್ಯಾಕ್ಟೀರಿಯವು ತನ್ನ ಡಿ.ಎನ್.ಎ.ಗೆ ಗುರುತು ಹಾಕಿಕೊಂಡಿರುತ್ತದೆ. ಗುರುತಿಲ್ಲದೆ ಒಳನುಗ್ಗಿದ್ದನ್ನು ತುಂಡರಿಸಿಬಿಡುತ್ತದೆ! ಕಣ್ಣಿಗೆ ಕಾಣದ ಜೀವಿಗೂ ಮನೆಕಾವಲಿನ ಚಿಂತೆ.

ಆ ಬಗೆಯ ಒಂದು ಕತ್ತರಿಯನ್ನು, ಎಂದರೆ ಕಿಣ್ವವನ್ನು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಹ್ಯಾಮಿಲ್ಟನ್ ಸ್ಮಿತ್ ಹಿಮೋಫಿಲಸ್ ಎಂಬ ಬ್ಯಾಕ್ಟೀರಿಯದಿಂದ ಹೊರತೆಗೆದು 1970ರಲ್ಲಿ ಪ್ರಕಟಿಸಿದರು. ಅದು ಕಂಡಕಂಡಲ್ಲಿ ಕತ್ತರಿಸುವುದಿಲ್ಲ. ಆರು ಅಕ್ಷರಗಳ ಒಂದು ನಿಯತ ಸಾಲನ್ನು ಕಂಡಲ್ಲಿ ಮಾತ್ರ ಕತ್ತರಿಸುತ್ತದೆ.

ಕತ್ತರಿಸಿದರೆ ಸಾಲದು, ಚೂರುಗಳನ್ನು ಬೇರ್ಪಡಿಸಲೂ ಬೇಕು. ಡಿ.ಎನ್.ಎ.ಯಲ್ಲಿರುವುದು ಋಣ ವಿದ್ಯುದಂಶ. ಜೆಲ್ ಎಂಬ ಮೆತ್ತನೆಯ ಹಲ್ಲೆಯಲ್ಲಿ ಚೂರುಗಳನ್ನಿಟ್ಟು ವಿದ್ಯುತ್ ಹರಿಸಿದರೆ ಎಲ್ಲವೂ ಧನಧ್ರುವದ ಕಡೆಗೆ ಹೊರಡುತ್ತವೆ. ಜಾತ್ರೆಯ ಸಂದಣಿಯಲ್ಲಿ ಹುಡುಗರು ನುಸುಳಿ ಮುಂದೆ ಹೋಗಿ ಸ್ಥೂಲಕಾಯರು ಹಿಂದುಳಿಯುವಂತೆ, ಸಣ್ಣ ಚೂರು ಮುಂದೆ, ದೊಡ್ಡದು ಹಿಂದೆ. ಸ್ಮಿತ್ತರ ಸಹೋದ್ಯೋಗಿ ಡೇನಿಯಲ್ ನೇಥನ್ಸ್ ಮತ್ತು ವಿದ್ಯಾರ್ಥಿನಿ ಕ್ಯಾಥಲೀನ್ ಡಾನಾ 1971ರಲ್ಲಿ ಕೋತಿಯ ವೈರಸ್ಸೊಂದರ ಡಿ.ಎನ್.ಎ.ಯನ್ನು ಇದೇ ಕತ್ತರಿಯಿಂದ ಕತ್ತರಿಸಿ, 11 ಚೂರುಗಳನ್ನು ಹೀಗೆ ಸಾಲುಗೂಡಿಸಿದರು. 1978ರಲ್ಲಿ ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಬಹುಮಾನದಲ್ಲಿ ಸೇರದ ಇಬ್ಬರು ಸ್ತ್ರೀಯರ ಹೆಸರನ್ನೂ ವಾಚಕರು ನೆನಪಿನಲ್ಲಿಡಲೆಂದು ಇಲ್ಲಿ ಬರೆದಿದ್ದೇನೆ.

ಇನ್ನು ಪ್ರಯೋಜನದ ಮಾತು. ಇಂಥ ಕತ್ತರಿ, ಇಂಥ ಜೆಲ್ಲುಗಳನ್ನೇ ಬಳಸಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಮನುಷ್ಯನಿಂದ ಮನುಷ್ಯನನ್ನು ಗುರುತಿಸುವ ಉಪಾಯವನ್ನು ಕಂಡುಹಿಡಿದರು. 1986ರಲ್ಲಿ ಅಲ್ಲಿಯೇ ಸಮೀಪದ ಹಳ್ಳಿಯ ಹುಡುಗಿಯೊಬ್ಬಳ ಕೊಲೆಯಾಯಿತು. ಪೊಲೀಸರ ವಿಚಾರಣೆಯಲ್ಲಿ 17 ವರ್ಷದ ಹುಡುಗನೊಬ್ಬ ತಪ್ಪೊಪ್ಪಿಕೊಂಡಿದ್ದ. ಜೆಲ್ಲಿನ ಗೆರೆಗಳು ಅವನಲ್ಲವೆಂದು ಸಾರಿದವು. ನಿಜವಾದ ಕೊಲೆಗಾರ ಸಿಕ್ಕಿಬಿದ್ದದ್ದು 1987ರಲ್ಲಿ. ಹುಡುಗ ಅದಕ್ಕೆ ಮೊದಲೇ ಬಿಡುಗಡೆ ಹೊಂದಿ ಮನೆಗೆ ಹೋಗಿದ್ದ.