ಹೋಲ್ಡರಿನಿಂದ ಉಂಗುರ ಹೋದದ್ದು

ಕಣ್ಣಿನ ಥಿಯೇಟರಿನಲ್ಲಿ ಡಾಕ್ಟರ ಕೈಗೆ ಸಲಕರಣೆ ಕೊಡುವ ಸಿಸ್ಟರಾಗಿ ನನ್ನ ಸರ್ವೀಸು ಮುಗಿಯಿತು. ಟ್ರೇಯಲ್ಲಿ ನನಗೆ ಅಚ್ಚುಮೆಚ್ಚು ನೀಡಲ್ ಹೋಲ್ಡರ್. ಕಣ್ಣಿಗೆ ಹೊಲಿಗೆ ಹಾಕುವುದು ರೂಢಿಗೆ ಬರಲು ಅಷ್ಟು ಕಾಲ ಹಿಡಿದದ್ದಕ್ಕೆ ದಾರ ಎಷ್ಟು ಕಾರಣವೋ ಈ ಸಲಕರಣೆಯೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ಫ್ರಾನ್ಸಿನ ಜಾಕ್ ದವಿಯೆಲ್ 1753ರಲ್ಲಿ ಪೊರೆ ಹೊರತೆಗೆಯುವ ವಿಧಾನ ಪ್ರಕಟಿಸಿದಾಗ ಹೊಲಿಗೆಯ ಮಾತೇ ಇರಲಿಲ್ಲ. ಗಾಯ ತಾನಾಗಿ ಕೂಡಬೇಕು. ಅಲ್ಲಿಯವರೆಗೆ ರೋಗಿ ಪಟ್ಟಿ ಕಟ್ಟಿಕೊಂಡು ಅಂಗಾತ ಮಲಗಿರಬೇಕು. ಕೆಮ್ಮಿದರೂ ಗಾಯ ಬಾಯಿಬಿಡುವ ಭಯ. ನಮ್ಮ ಹಿರಿಯ ಸಿಸ್ಟರುಗಳ ಕಾಲಕ್ಕೂ ಆ ಭಯ ಹೋಗಿರಲಿಲ್ಲ. ‘ಅಜ್ಜೀ, ತಲೆ ಅಲ್ಲಾಡಿಸಬೇಡಿ’ ಎಂದು ಎರಡೂ ಪಕ್ಕಕ್ಕೆ ಮರಳಿನ ಚೀಲ ಒತ್ತಿಡುತ್ತಿದ್ದರಂತೆ.

ಬಾಸ್ಟನ್ನಿನ ಹೆನ್ರಿ ವಿಲಿಯಮ್ಸ್ 1860ರ ದಶಕದಲ್ಲೇ ಒಂದು ರೇಷ್ಮೆ ಹೊಲಿಗೆ ಹಾಕಿ ತೋರಿಸಿದರು. ಹೆಚ್ಚು ಜನ ಅವರ ಹಿಂದೆ ಹೋಗಲಿಲ್ಲ. ಹೋಗದವರನ್ನು ದೂರಲು ನನಗೆ ಮನಸ್ಸು ಬಾರದು. ಹೊಟ್ಟೆ ಹೊಲಿಯುವ ಹೋಲ್ಡರ್ ಹಿಡಿದವರಿಗೆ ಗೊತ್ತು: ಉಂಗುರಕ್ಕೆ ಬೆರಳು ತೂರಿಸಿ ಮಣಿಕಟ್ಟನ್ನೇ ತಿರುಗಿಸಬೇಕು, ಲಾಕ್ ಬಿಡಿಸಿದರೆ ಕಟಕ್ಕೆಂದು ತುದಿ ಅದುರುತ್ತದೆ. ಚರ್ಮದಲ್ಲಿ ಅದು ಲೆಕ್ಕಕ್ಕಿಲ್ಲ. ನಡುವೆ ಅರ್ಧ ಮಿಲಿಮೀಟರಿನಷ್ಟೇ ದಪ್ಪವಿರುವ ಕಾರ್ನಿಯಾ ಸೀಳಿಹೋದೀತು.

ಇದಕ್ಕೆ ದಾರಿ ಹುಡುಕಿದವರಲ್ಲಿ ಕಾರ್ನಿಯಾ ಕಸಿಗೆ ದುಡಿದವರೇ ಮುಂದು. ಸ್ಪೇನಿನಿಂದ ನ್ಯೂಯಾರ್ಕಿಗೆ ಬಂದ ರಾಮೋನ್ ಕಾಸ್ತ್ರೋವಿಯೆಹೋ, ಬಾರ್ಸಿಲೋನಾದ ಬರಾಕೆರ್ ಮನೆತನ, ಇವರ ಹೆಸರಿನ ಹೋಲ್ಡರುಗಳು ಇಂದಿಗೂ ಬಳಕೆಯಲ್ಲಿವೆ. ಉಂಗುರ ಹೋಗಿ ಸ್ಪ್ರಿಂಗ್ ಬಂತು. ಪೆನ್ನಿನ ಹಾಗೆ ಹಿಡಿದು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿದರೆ ಬಾಗಿದ ಸೂಜಿ ತನ್ನ ಬಾಗಿನಲ್ಲೇ ಸಾಗುತ್ತದೆ. ಲಾಕ್ ಇಲ್ಲದ ಮಾದರಿಯಲ್ಲಂತೂ ಬೆರಳು ಸಡಿಲಿಸಿದರೆ ಆಯಿತು. ಸೂಜಿಯೂ ಚಪ್ಪಟೆಯಾಯಿತು, ಕಾರ್ನಿಯಾದ ಪದರಗಳನ್ನು ಕತ್ತರಿಸದೆ ಅವುಗಳ ನಡುವೆ ನುಸುಳಲೆಂದು.

1953ರಲ್ಲಿ ಝೈಸ್ ಕಂಪನಿಯ ಆಪರೇಟಿಂಗ್ ಮೈಕ್ರೋಸ್ಕೋಪ್ ಬಂದ ಮೇಲೆ 0.03 ಮಿ.ಮೀ.ಗಿಂತ ಸಪೂರವಾದ 10-0 ನೈಲಾನ್ ದಾರವನ್ನೂ ಪಳಗಿಸಲು ಸಾಧ್ಯವಾಯಿತು. ಗಾಯದಂಚು ಹಿಡಿಯುವ ಫೋರ್ಸೆಪ್ಸಿಗೆ 0.12 ಮಿ.ಮೀ. ಹಲ್ಲು, ಅದರ ಹಿಂದೆಯೇ, ಗಂಟು ಹಾಕುವಾಗ ದಾರ ಹಿಡಿಯಲು ಸಪಾಟು ಜಾಗ. ಒಂದು ಕೈಯ ಸಲಕರಣೆ ಬದಲಿಸದೆ ಕೆಲಸ ಮುಗಿಯುವಂತೆ ಯೋಚಿಸಿದ್ದಾರಲ್ಲ, ಎಂಥ ಕಾಳಜಿ!

1990ರ ದಶಕದಲ್ಲಿ ಓರೆಯಾಗಿ ಕೊರೆದ, ತಾನೇ ಮುಚ್ಚಿಕೊಳ್ಳುವ ಸಣ್ಣ ಗಾಯ ಬಂದು ಪೊರೆಗೆ ಬಹುಮಟ್ಟಿಗೆ ಹೊಲಿಗೆ ತಪ್ಪಿತು. ಕಾರ್ನಿಯಾವನ್ನು ಪೂರ್ತಿ ದಪ್ಪಕ್ಕೆ ಕಸಿ ಮಾಡುವಾಗ ಮಾತ್ರ ಸುತ್ತಲೂ 16 ಹೊಲಿಗೆ ಹಾಕುವುದು ಈಗಲೂ ಉಂಟು. ಅದಕ್ಕೇ ಹೊಸ ಹುಡುಗಿಯರಿಗೆ ಸೂಜಿ ಕಚ್ಚಿಸುವುದನ್ನು ಕಲಿಸುತ್ತಿದ್ದೆ: ತುದಿ ಮುಟ್ಟಬೇಡಿ, ಮೊಂಡಾಗುತ್ತದೆ, ದಾರ ಸೇರಿಸಿದ ಬುಡವೂ ಬೇಡ, ಬಾಗುತ್ತದೆ, ನಡುವಿಗಿಂತ ತುಸು ಹಿಂದೆ ಹಿಡಿಯಿರಿ.