ಬಡವನ ದೋಣಿ ಹರಿಗೋಲು

ಕೊಡನಾಡಿನ ಅಂಚಿನಲ್ಲಿ ನಿಂತು ಕೆಳಗಣ ಕಣಿವೆಯನ್ನು ನೋಡುವವರಿಗೆ ಮೋಯಾರ್ ಹೊಳೆಯು ಬಿಳಿಯ ನೂಲಿನ ಎಳೆಯಂತೆ ಕಾಣುವುದು. ಆ ಎಳೆಯ ಬದಿಯಲ್ಲಿ ಹಸುರು ಚೌಕಗಳಾಗಿ ತೋರುವ ಹೊಲಗದ್ದೆಗಳೇ ತೆಂಗುಮರಹಾಡ. ಹೆಸರೇ ನಮ್ಮ ನುಡಿಯದು. ಕಂದಾಯದ ಲೆಕ್ಕದಲ್ಲಿಯೂ ಅದು ನಮ್ಮ ನೀಲಗಿರಿ ಜಿಲ್ಲೆಗೇ, ನಮ್ಮ ಕೋತಗಿರಿ ತಾಲ್ಲೂಕಿಗೇ ಸೇರಿದ ಊರು. ಆದರೆ ಕೀಳ್ ಕೋತಗಿರಿಯಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕಾದವರು ಬೆಟ್ಟವಿಳಿದು ಮೇಟುಪಾಳ್ಯವನ್ನು ಮುಟ್ಟಿ, ಭವಾನಿಸಾಗರದ ಕಡೆಗೆ ಬಳಸಿ, ಕಾಡುದಾರಿಯಲ್ಲಿ ಬಹುದೂರ ಸಾಗಿ ಹೊಳೆಯ ದಡದಲ್ಲಿ ಇಳಿಯಬೇಕು. ಬಸ್ಸು ಅಲ್ಲಿಗೇ ನಿಲ್ಲುವುದು. ಮುಂದೆ ಸೇತುವೆಯಿಲ್ಲ. ಬುಟ್ಟಿಯಂತೆ ದುಂಡಗಿರುವ ದೋಣಿಯೊಂದು ಬಂದು ಕರೆದೊಯ್ಯಬೇಕು. ಅದನ್ನೇ ಕನ್ನಡದಲ್ಲಿ ಹರಿಗೋಲು ಎನ್ನುವರು. ತಮಿಳರು ಪರಿಸಲ್ ಎನ್ನುವರು. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾದುದನ್ನು, ಪಾಲು ಹಾಲಾಗಿ ಪಳ್ಳಿ ಹಳ್ಳಿಯಾದುದನ್ನು, ನಾವು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವಷ್ಟೆ. ಈ ಎರಡು ಹೆಸರುಗಳ ಮೊದಲಕ್ಷರಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಅದೇ ನಿಯಮ ಹೊಳೆಯ ಮೇಲೆಯೂ ತೇಲುತ್ತಿರುವುದು ತಿಳಿದೀತು.

ಚರಿತ್ರೆಯ ಪುಸ್ತಕಗಳಲ್ಲಿ ಹಡಗುಗಳಿಗೆ ಅಧ್ಯಾಯಗಳುಂಟು. ಹರಿಗೋಲಿಗೆ ಒಂದು ಸಾಲೂ ಇಲ್ಲ. ಆದರೂ ನಮ್ಮ ಒಳನಾಡಿನ ಮೀನುಗಾರನ ಪಾಲಿಗೆ ಹಡಗಿಗಿಂತ ಹಿರಿದಾದ ವಸ್ತು ಇದು. ದಡದಲ್ಲಿ ನಿಂತು ಗಾಳವೆಸೆಯುವವನಿಗೂ ಬೀಸುಬಲೆ ಬೀಸುವವನಿಗೂ ತೋಳಿನ ಬಲವಿರುವಷ್ಟು ದೂರದ ನೀರು ಮಾತ್ರ ಸ್ವಂತ. ದೊಡ್ಡ ಮೀನು ನಡುಹೊಳೆಯ ಮಡುವಿನಲ್ಲಿರುವುದು. ಅಲ್ಲಿಗೆ ಹೋಗಲು ದೋಣಿ ಬೇಕು. ದೋಣಿಗೆ ಹಿರಿಯ ಮರ ಬೇಕು, ಬಡಗಿ ಬೇಕು, ಇವೆರಡಕ್ಕೂ ಹಣ ಬೇಕು. ಅಷ್ಟನ್ನೂ ಹೊಂದಿಸಿದರೂ ಕಾವೇರಿ ತುಂಗಭದ್ರೆಗಳ ಬಂಡೆಗಳ ನಡುವೆ ಮರದ ದೋಣಿ ಬಹುಕಾಲ ಬಾಳದು. ಹಣವಿಲ್ಲದವನು ದಡವನ್ನು ಬಿಡುವುದು ಹೇಗೆಂಬ ಈ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಬಿದಿರು ಮತ್ತು ತೊಗಲು.

ಹರಿಗೋಲನ್ನು ಕಟ್ಟುವ ಬಗೆ ಸರಳ. ಬಿದಿರನ್ನು ಸೀಳಿ ದಬ್ಬೆಗಳನ್ನಾಗಿ ಮಾಡಿ, ನೆಲದ ಮೇಲೆ ಅಡ್ಡನೀಟವಾಗಿ ಹಾಸಿ ಚಾಪೆಯಂತೆ ಹೆಣೆಯುವರು. ತಳ ಸಿದ್ಧವಾದ ಮೇಲೆ ಅದರ ಮೇಲೆ ಕಲ್ಲುಗಳನ್ನು ಹೇರಿ, ಹೊರಚಾಚಿದ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತಲೂ ದಬ್ಬೆಗಳನ್ನು ತೂರಿಸುತ್ತ ಗೋಡೆಯನ್ನೆಬ್ಬಿಸುವರು. ಬಾಯಿಯ ಅಂಚಿಗೆ ದಪ್ಪನಾದ ಬಳೆ. ಹೊರಮೈಗೆ ಹಿಂದೆ ಎತ್ತು ಎಮ್ಮೆಗಳ ತೊಗಲನ್ನು ಹೊಲಿದು ಹೊದಿಸುತ್ತಿದ್ದರು. ಮೀನುಗಾರನ ಸಣ್ಣ ಹರಿಗೋಲು ಆರೇಳು ಅಡಿ ಅಗಲವಿರುವುದು. ಒಬ್ಬನೇ ಅದನ್ನು ಬೆನ್ನಿಗೇರಿಸಿಕೊಂಡು ನಡೆಯಬಲ್ಲನು. ಆಗ ದೂರದಿಂದ ನೋಡುವವರಿಗೆ ದೊಡ್ಡದೊಂದು ಆಮೆ ಎದ್ದು ನಿಂತು ನಡೆದಂತೆ ತೋರುವುದು. ನಡೆಸುವುದಕ್ಕೆ ಒಂದೇ ಹುಟ್ಟು; ನೀರು ತೆಳುವಾಗಿರುವೆಡೆ ಬಿದಿರುಗಳ. ಮುಂದು ಹಿಂದು ಎಂಬ ಭೇದವಿಲ್ಲದ ದೋಣಿಯಾದುದರಿಂದ ಬಲ್ಲವನ ಕೈಯಲ್ಲಿ ನೆಟ್ಟಗೆ ಹೋಗುವುದು, ಅರಿಯದವನ ಕೈಯಲ್ಲಿ ಬುಗುರಿಯಂತೆ ಸುತ್ತುವುದು.

ಇಷ್ಟು ಹಗುರವಾದ ವಸ್ತು ಅಷ್ಟು ಭಾರವನ್ನು ಹೊರುವುದಾದರೂ ಹೇಗೆಂದು ನಮ್ಮ ಐದನೆಯ ತರಗತಿಯ ಮಕ್ಕಳು ಕೇಳಿದರು. ಪಾಠದಲ್ಲಿ ಹೇಳಿ ತಿಳಿಸುವುದಕ್ಕಿಂತ ತೋರಿಸುವುದೇ ಲೇಸೆಂದು, ತೋಟದ ಹಳೆಯ ಬಿದಿರು ಕುಕ್ಕೆಯೊಂದನ್ನು ತರಿಸಿ, ಹೊರಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಶಾಲೆಯ ನೀರಿನ ತೊಟ್ಟಿಯಲ್ಲಿ ತೇಲಬಿಟ್ಟೆವು. ಮಕ್ಕಳು ಒಂದೊಂದೇ ಕಲ್ಲನ್ನು ಇಡುತ್ತ ಹೋದರು. ನಡುವೆ ಇಟ್ಟಾಗ ಹದಿನೇಳು ಕಲ್ಲುಗಳನ್ನು ಹೊತ್ತ ಕುಕ್ಕೆಯು, ಒಂದೇ ಪಕ್ಕದಲ್ಲಿ ಇಟ್ಟಾಗ ಐದನೆಯದಕ್ಕೇ ಮಗುಚಿತು. ತಳ ಅಗಲವಾದಷ್ಟೂ ಸ್ವಲ್ಪವೇ ಮುಳುಗಿ ಬಹಳ ನೀರನ್ನು ಪಕ್ಕಕ್ಕೆ ತಳ್ಳುವುದು. ತಳ್ಳಿದ ನೀರಿನ ತೂಕದಷ್ಟು ಭಾರವನ್ನು ಹೊರುವುದು. ಗೇಣುದ್ದದ ನೀರಿದ್ದರೂ ಹರಿಗೋಲು ಬಂಡೆಗಳ ಮೇಲೆ ಜಾರಿಹೋಗುವುದು ಈ ಕಾರಣದಿಂದಲೇ. ಆರ್ಕಿಮಿಡೀಸನ ತತ್ತ್ವವನ್ನು ಮಕ್ಕಳು ಮರೆತರೂ ಐದನೆಯ ಕಲ್ಲನ್ನು ಮರೆಯಲಾರರು. ಉಪಾಧ್ಯಾಯ ಮಿತ್ರರು ಇದನ್ನು ತಮ್ಮ ಶಾಲೆಗಳಲ್ಲಿಯೂ ಮಾಡಿ ನೋಡಬಹುದು.

ಈ ದೋಣಿ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿಗೆ ಬರುತ್ತಿದ್ದ ದುಂಡುದೋಣಿಗಳನ್ನು ಬಣ್ಣಿಸಿರುವನು. ಅರ್ಮೇನಿಯದ ವರ್ತಕರು ಮರದ ಕಡ್ಡಿಗಳ ಹಂದರಕ್ಕೆ ತೊಗಲು ಹೊದಿಸಿ, ಸರಕಿನೊಡನೆ ಒಂದು ಕತ್ತೆಯನ್ನೂ ಏರಿಸಿಕೊಂಡು ಹೊಳೆಯ ಸೆಳವಿನಲ್ಲಿ ತೇಲಿಬರುತ್ತಿದ್ದರಂತೆ. ಸರಕು ಮಾರಿದ ಮೇಲೆ ಹಂದರವನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಹಿಂದಿರುಗುತ್ತಿದ್ದರಂತೆ. ಏಕೆಂದರೆ ಸೆಳವಿಗೆ ಎದುರಾಗಿ ಇಂಥ ದೋಣಿ ಸಾಗದು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಹೊಳೆಗಳಲ್ಲಿಯೂ ಒಬ್ಬನೇ ಕುಳಿತು ಮೀನು ಹಿಡಿಯುವ ತೊಗಲದೋಣಿ ಇತ್ತು. ಮದರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಎಂಬಾತನು 1946ರಲ್ಲಿ ಪ್ರಕಟಿಸಿದ ಜಲಸಾರಿಗೆಯ ಗ್ರಂಥದಲ್ಲಿ ಇವೆಲ್ಲವನ್ನೂ ನಮ್ಮ ಹರಿಗೋಲಿನೊಡನೆ ಇಟ್ಟು ವಿಚಾರಿಸಿರುವನು. ಯಾರು ಯಾರಿಂದ ಕಲಿತರೆಂಬ ಜಿಜ್ಞಾಸೆ ನಮಗೆ ಬೇಡ. ಒಂದೇ ಕೊರತೆಯುಳ್ಳವರು ಒಂದೇ ಉಪಾಯವನ್ನು ಕಂಡುಕೊಳ್ಳುವುದು ಅಸಂಭವವಲ್ಲ.

ನಮ್ಮ ನಾಡಿನ ಸಾಕ್ಷ್ಯಕ್ಕೆ ಬರೋಣ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನು ತುಂಗಭದ್ರೆಯ ದಡದವನು. ಅಲ್ಲಿನ ಚೌಡದಾನಪುರ ಅವನ ಹೆಸರನ್ನು ಹೊತ್ತು ನಿಂತಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟನು. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ಎಡೆ, ಅಗತ್ಯವಿದ್ದರೆ ಕುದುರೆ ಎತ್ತುಗಳೂ ಸಾಗುವುವು. ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುವುವು ಎಂದು ಅವನ ವರ್ಣನೆ. ಮುತ್ತುರತ್ನಗಳನ್ನು ಬೀದಿಯಲ್ಲಿ ಮಾರುತ್ತಿದ್ದ ರಾಜಧಾನಿಯ ಹೆಬ್ಬಾಗಿಲಲ್ಲಿ ಬಿದಿರುಬುಟ್ಟಿಯೇ ದೋಣಿಯಾಗಿದ್ದುದು ವಿಚಿತ್ರವಲ್ಲವೆ? ಮುಂದೆ ಆರ್ಥರ್ ವೆಲ್ಲೆಸ್ಲಿಯು ಮರಾಠರ ಮೇಲೆ ದಂಡೆತ್ತಿದ 1803ರಲ್ಲಿ, ತುಂಬಿದ ಹೊಳೆಗಳನ್ನು ಸೈನ್ಯ ದಾಟುವುದಕ್ಕಾಗಿ ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನೇ ಮಾಡಿಸಿದನು. ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದಾತನೇ ಈತನೆಂದು ವಿದ್ಯಾರ್ಥಿಗಳು ನೆನೆಯಬೇಕು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ತೊಗಲನ್ನು ಹದಮಾಡಿದವನನ್ನು ಊರ ಹೊರಗೆ ಇರಿಸಿದವರೂ, ಅವನ ನೆರಳು ಸೋಕಿದರೆ ಸ್ನಾನ ಮಾಡಿದವರೂ, ಹೊಳೆ ತುಂಬಿ ಬಂದ ದಿನ ಅವನೇ ಹದಮಾಡಿದ ತೊಗಲಿನ ಮೇಲೆ ಕಾಲು ಮಡಿಸಿ ಕುಳಿತು ಆಚೆಯ ದಡವನ್ನು ಸೇರಿದರು. ಮಡಿಯು ನೀರಿನ ಅಂಚಿನವರೆಗೆ ಬಂದು ಅಲ್ಲಿ ನಿಂತುಕೊಂಡಿತೆಂದು ತೋರುವುದು.

ಇನ್ನು ಮೀನುಗಾರಿಕೆ. ಕರ್ನಾಟಕದಲ್ಲಿ ಬೆಸ್ತರು, ಅಂಬಿಗರು, ಕಬ್ಬಲಿಗರು, ತಮಿಳುನಾಡಿನಲ್ಲಿ ಸೆಂಬಡವರು ಮೊದಲಾದವರು ಈ ವೃತ್ತಿಯವರು. ಸಂಜೆ ಹರಿಗೋಲನ್ನು ಹೊತ್ತು ದಡದುದ್ದಕ್ಕೂ ಮೇಲಕ್ಕೆ ನಡೆದುಹೋಗಿ, ಕತ್ತಲಾದ ಮೇಲೆ ನೀರಿಗಿಳಿಸಿ ಬಲೆಯನ್ನು ಹರಡಿ, ಸೆಳವಿನೊಡನೆ ಕೆಳಕ್ಕೆ ತೇಲಿಬರುವುದು ಹೊಳೆಯ ಬೇಟೆಯ ಪದ್ಧತಿ. ಬೆಳಗಾದಾಗ ಎಲ್ಲಿ ದಡ ಸೇರಿದನೋ ಅಲ್ಲಿಂದ ಮೀನನ್ನೂ ಬಲೆಯನ್ನೂ ದೋಣಿಯನ್ನೂ ಹೊತ್ತು ಮನೆಗೆ ನಡೆಯುವನು. ಹೆರೊಡೋಟಸನ ವರ್ತಕನಿಗೆ ಕತ್ತೆಯಾದರೂ ಇತ್ತು! ಮಳೆ ಬಂದರೆ ಹರಿಗೋಲನ್ನು ಕವುಚಿ ಅದರಡಿಯಲ್ಲಿ ಕುಳಿತರಾಯಿತು. ಅದೇ ಛತ್ರಿ, ಅದೇ ಗುಡಿಸಲು. ತೊಗಲು ನೀರಿನಲ್ಲಿಯೇ ನೆನೆಯುತ್ತಿದ್ದರೆ ಕೊಳೆಯುವುದರಿಂದ ಕೆಲಸ ಮುಗಿದೊಡನೆ ದಡಕ್ಕೆಳೆದು ಬಿಸಿಲಿಗೆ ಒಣಗಿಸುವುದೂ ನಿತ್ಯದ ಕೆಲಸ.

ನಮ್ಮ ಬೆಟ್ಟದ ಮೇಲೆ ಹರಿಗೋಲಿಲ್ಲ. ಇಲ್ಲಿನ ತೊರೆಗಳು ಹಾರಿ ಬೀಳುವವೇ ಹೊರತು ಹರಿಯುವವಲ್ಲ; ಬಡಗರಿಗೆ ಮೀನುಗಾರಿಕೆ ಕುಲವೃತ್ತಿಯೂ ಅಲ್ಲ. ಬೆಟ್ಟದ ನೀರಿನಲ್ಲಿ ಮೀನಿನ ಚಿಂತೆ ಹಚ್ಚಿಕೊಂಡವರು ಆಂಗ್ಲರು. ಟ್ರೌಟ್ ಮೀನನ್ನು ಇಲ್ಲಿ ನೆಲೆಗೊಳಿಸಲು 1860ರ ದಶಕದಿಂದ ಹೆಣಗಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎಚ್. ಸಿ. ವಿಲ್ಸನ್ನನ ಪ್ರಯತ್ನದಿಂದ ಸಫಲರಾದರು. ಅವಲಾಂಚಿಯಲ್ಲಿ ಮರಿಮಾಡುವ ಕೇಂದ್ರವನ್ನೂ ಕಟ್ಟಿದರು. ಅದು ವಿನೋದದ ಬೇಟೆ. ಕೆಳಗಣ ಹೊಳೆಯದು ಹೊಟ್ಟೆಯ ಬೇಟೆ.

ಆ ಕೆಳಗಣ ಹೊಳೆಗೂ ಕನ್ನಡದ ಚರಿತ್ರೆಗೂ ನಂಟುಂಟು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದನೆಂದು 1117ರ ಚಾಮರಾಜನಗರದ ಶಾಸನ ಸಾರುವುದು. ಮುಂದಿನ ಹೊಯ್ಸಳ ದಂಡನಾಯಕರು ಮೋಯಾರ್ ಭವಾನಿಗಳ ಸಂಗಮದ ಬಳಿ ಕಟ್ಟಿದ ಕೋಟೆಗೆ ದಣಾಯಕನಕೋಟೆಯೆಂದೇ ಹೆಸರಾಯಿತು. 1800ರಲ್ಲಿ ಫ್ರಾನ್ಸಿಸ್ ಬುಖಾನನ್ ಆ ಕೋಟೆಗೆ ಬಂದು, ಅಲ್ಲಿಂದ ನಮ್ಮ ನೆರೆಯ ಅರಕೋಡಿನವರೆಗೆ ಬೆಟ್ಟ ಹತ್ತಿದ್ದನು. 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಭವಾನಿಸಾಗರದ ಅಣೆಯ ಹಿಂದೆ ಆ ಕೋಟೆ, ಅದರ ಮಾಧವಪೆರುಮಾಳ್ ಗುಡಿ ಎಲ್ಲವೂ ಮುಳುಗಿದುವು. ಬರಗಾಲದಲ್ಲಿ ನೀರು ಇಳಿದಾಗ ಗುಡಿಯ ಕಲ್ಲುಗಳು ಮತ್ತೆ ಕಾಣುವುವು. ಉಳಿದ ಕಾಲದಲ್ಲಿ ದಂಡನಾಯಕರ ಕೋಟೆಯ ಮೇಲೆ ಮೀನುಗಾರರ ಹರಿಗೋಲುಗಳು ತೇಲುವುವು.

ಅಣೆಕಟ್ಟುಗಳು ಹರಿಗೋಲನ್ನು ಕೊಲ್ಲಲಿಲ್ಲ. ಅದರ ಬಾಳನ್ನು ಬದಲಿಸಿದುವು. 1934ರಲ್ಲಿ ಮೇಟೂರು, 1953ರಲ್ಲಿ ತುಂಗಭದ್ರಾ, ಬಳಿಕ ಭವಾನಿಸಾಗರ ಎದ್ದು ನಿಂತಾಗ ಹೊಳೆಯ ಮೀನುಗಾರ ಕೆರೆಯ ಮೀನುಗಾರನಾದನು. ಸೆಳವಿನೊಡನೆ ತೇಲುವ ಪದ್ಧತಿ ಹೋಗಿ, ಸಂಜೆ ನಿಂತ ನೀರಿನಲ್ಲಿ ಅಡ್ಡಲಾಗಿ ಬಲೆಯನ್ನು ಬಿಟ್ಟುಬಂದು ಬೆಳಗ್ಗೆ ಎತ್ತುವ ಪದ್ಧತಿ ಬಂದಿತು. ಇಲಾಖೆಯವರು ಕಾಟ್ಲಾ ರೋಹು ಮರಿಗಳನ್ನು ಬಿಟ್ಟರು. ಅನುಮತಿಯ ಚೀಟಿಯೂ ಬಂದಿತು. ನೀರು ಬೆಳೆಯಿತು, ನೀರಿನ ಮೇಲಿನ ಹಕ್ಕು ಕಚೇರಿಗೆ ಸೇರಿತು. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯ ಮೀನು ಕಾಲಕ್ರಮದಲ್ಲಿ ಈ ಜಲಾಶಯಗಳನ್ನೆಲ್ಲ ಹೊಕ್ಕಿತು. ಇತ್ತ ಕಾವೇರಿಯ ಬೆನ್ನುಗೂನಿನ ದೊಡ್ಡ ಮಹಶೀರ್ ಮೀನು ಅತ್ಯಂತ ವಿರಳವಾಗಿ, 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನು ಸೇರಿತು. ಮೋಯಾರ್ ಅದರ ಕೊನೆಯ ನೆಲೆಗಳಲ್ಲೊಂದು.

ಹರಿಗೋಲಿನ ಮೈಯೂ ಬದಲಾಯಿತು. ತೊಗಲು ದುಬಾರಿಯಾದಾಗ ಡಾಂಬರು ಬಳಿದ ಬಟ್ಟೆ ಬಂದಿತು. ಆಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಬಂದಿತು. ಈಗ ಬಿದಿರೇ ಇಲ್ಲದ ಫೈಬರ್ ಹರಿಗೋಲುಗಳೂ ಬಂದಿವೆ. ಶುದ್ಧಿವಾದಿಗಳು ಮರುಗಬಹುದು. ನಾವು ಮರುಗುವುದಿಲ್ಲ. ಯಾವುದು ಅಗ್ಗವೋ ಅದನ್ನು ಹೊದ್ದುಕೊಳ್ಳುವುದೇ ಈ ದೋಣಿಯ ಹಳೆಯ ಸಂಪ್ರದಾಯ. ಹೊಗೇನಕಲ್ಲಿನಲ್ಲಿ ಅದು ಪ್ರವಾಸಿಗರನ್ನು ಸುತ್ತಿಸುತ್ತಿದೆ. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಕೆಲಸಗಾರರು ಸತ್ತಾಗ, ಪಾಯೆಸನು ಕಂಡಿದ್ದ ದೋಣಿಯೇ ಮತ್ತೆ ಜನರ ಕೈಹಿಡಿಯಿತು.

ತೆಂಗುಮರಹಾಡದ ಮಾತು ಉಳಿದಿದೆ. 1948ರಲ್ಲಿ, ಆಹಾರದ ಕೊರತೆಯ ದಿನಗಳಲ್ಲಿ, ಸಹಕಾರಿ ಬೇಸಾಯ ಸಂಘಕ್ಕೆ ಸರ್ಕಾರ ಅರಣ್ಯಭೂಮಿಯನ್ನು ಗುತ್ತಿಗೆಗೆ ಕೊಟ್ಟುದರಿಂದ ಬೆಳೆದ ಊರು ಅದು. ಇಂದು ಅದರ ಸುತ್ತಲೂ ಹುಲಿಗಳ ರಕ್ಷಿತ ಅರಣ್ಯ; ಹೊಳೆಯಲ್ಲಿ ಮೊಸಳೆ. ಮೇಲಿನ ಅಣೆಗಳಿಂದ ನೀರು ಬಿಟ್ಟಾಗ ಮೋಯಾರ್ ಏರುವುದು, ಹರಿಗೋಲು ನಿಲ್ಲುವುದು, ರೋಗಿಗಳೂ ಗರ್ಭಿಣಿಯರೂ ದಡದಲ್ಲಿ ಕಾಯುವರು. ಜನರು ಸೇತುವೆ ಕೇಳುತ್ತ ಬಂದರು. ಕಾಡಿನ ಕಾನೂನು ಅಡ್ಡ ನಿಂತಿತು. ಕೊನೆಗೆ ಸೇತುವೆಯನ್ನು ಊರಿಗೆ ತರುವುದರ ಬದಲು ಊರನ್ನೇ ಹೊಳೆಯಾಚೆಗೆ ಒಯ್ಯುವ ಏರ್ಪಾಡಾಯಿತು. ಕುಟುಂಬಕ್ಕೆ 15 ಲಕ್ಷ ರೂಪಾಯಿಯಂತೆ ಪರಿಹಾರದ ಹಣವನ್ನು ಬಿಡುಗಡೆ ಮಾಡಬೇಕೆಂದು ಮದರಾಸು ಉಚ್ಚ ನ್ಯಾಯಾಲಯ 2023ರಲ್ಲಿ ಆದೇಶಿಸಿತು. ಹುಲಿಗೂ ನೆಲ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಡನ್ನು ಗದ್ದೆಮಾಡಿರೆಂದು ಕರೆದು ತಂದವರ ಮೊಮ್ಮಕ್ಕಳಿಗೆ ಗದ್ದೆಯನ್ನು ಕಾಡಿಗೆ ಬಿಡಿರೆಂದು ಹೇಳುವಾಗ, ಹಣದ ಲೆಕ್ಕವೊಂದೇ ಸಾಲದೆಂದು ನಮಗೆ ತೋರುವುದು.

ಬೇಸಗೆಯ ರಜೆಯಲ್ಲಿ ನಾವು ಆ ಹೊಳೆಯನ್ನು ದಾಟಿದೆವು. ಹುಟ್ಟು ಹಿಡಿದಿದ್ದ ಹಿರಿಯರನ್ನು, “ಅಣ್ಣಾ, ಊರು ಎದ್ದುಹೋದರೆ ಹರಿಗೋಲನ್ನು ಏನು ಮಾಡುವಿರಿ?” ಎಂದು ಕೇಳಿದೆವು. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ತಮಿಳೂ ಕನ್ನಡವೂ ಬೆರೆತ ಮಾತಿನಲ್ಲಿ, ಮಳೆಗೆ ಮುಂಚೆ ತಳಕ್ಕೆ ಇನ್ನೊಂದು ಸಾರಿ ಡಾಂಬರು ಬಳಿಯಬೇಕೆಂದರು. ಆಮೇಲೆ ಮೇಲ್ಗಡೆಯ ನೀರನ್ನು ಒಮ್ಮೆ ನೋಡಿ, “ವಾದ್ಯಾರೇ, ಅಂಚಿನಲ್ಲಿ ಕೂರಬೇಡಿ, ನಡುವಿಗೆ ಬನ್ನಿ” ಎಂದರು.